ಇರಾಕ್ ಕಮ್ಯುನಿಸ್ಟರ ಕತೆ, ಪೊಲೀಸ್ ಫೈಲಿನಿಂದ: ಬಟಾಟು ಪುಸ್ತಕ ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಇದು ಮಲಗಿಕೊಂಡು ಓದುವ ಪುಸ್ತಕ ಅಲ್ಲ. ಎರಡು ರಾತ್ರಿ ಎದೆ ಮೇಲೆ ಇಟ್ಟುಕೊಂಡು ಓದಿದೆ, ಉಸಿರು ಕಟ್ಟಿತು. ಮೂರನೇ ದಿನ ಊಟದ ಮೇಜಿಗೆ ಬಂದೆ. 1,283 ಪುಟ. ನಮ್ಮ ಮನೆಯವಳು ಅದನ್ನು ನೋಡಿ ಕೇಳಿದ್ದು ಒಂದೇ ಮಾತು: "ಇದು ಓದೋಕಾ, ಉಪ್ಪಿನಕಾಯಿ ಜಾಡಿ ಮೇಲೆ ಭಾರಕ್ಕೆ ಇಡೋಕಾ?"

ಪುಸ್ತಕದ ಹೆಸರೂ ಅಷ್ಟೇ ಭಾರ. 'ದಿ ಓಲ್ಡ್ ಸೋಷಿಯಲ್ ಕ್ಲಾಸಸ್ ಅಂಡ್ ದಿ ರೆವಲ್ಯೂಷನರಿ ಮೂವ್‌ಮೆಂಟ್ಸ್ ಆಫ್ ಇರಾಕ್'. ಬರೆದವರು ಹನ್ನಾ ಬಟಾಟು, ಜೆರುಸಲೇಮಿನಲ್ಲಿ ಹುಟ್ಟಿದ ಪ್ಯಾಲೆಸ್ಟೀನಿಯನ್, ಬೈರೂತಿನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದವರು. ಮೊದಲು ಬಂದದ್ದು 1978ರಲ್ಲಿ, ಪ್ರಿನ್ಸ್‌ಟನ್‌ನಿಂದ. ಹೆಸರಲ್ಲಿ ಕಮ್ಯುನಿಸ್ಟ್ ಅನ್ನುವ ಪದವೇ ಕಾಣುವುದಿಲ್ಲ, ಕೆಳಗಿನ ಉಪಶೀರ್ಷಿಕೆಯಲ್ಲಿ ಹುಡುಕಬೇಕು. ಆದರೆ ಪುಸ್ತಕದ ಜೀವ ಇರುವುದು ಇರಾಕ್ ಕಮ್ಯುನಿಸ್ಟ್ ಪಾರ್ಟಿಯಲ್ಲೇ. ಅರಬ್ ನಾಡುಗಳಲ್ಲಿ ಕಮ್ಯುನಿಸ್ಟ್ ಪಾರ್ಟಿ ಬೇರೆ ಕಡೆಯೂ ಇತ್ತು, ಸುಡಾನಿನಲ್ಲಂತೂ ಗಟ್ಟಿಯಾಗೇ ಇತ್ತು. ಆದರೆ ಒಂದು ಪಾರ್ಟಿಯ ಬಗ್ಗೆ ಇಷ್ಟು ಹತ್ತಿರದಿಂದ, ಯಾರ ಅಪ್ಪ ಏನು ಮಾಡುತ್ತಿದ್ದ, ಯಾರು ಯಾವ ಊರಿನವನು ಅಂತ ಹೆಸರು ಹೆಸರಾಗಿ ಬರೆದ ಇನ್ನೊಂದು ಪುಸ್ತಕ ನಾನು ಓದಿಲ್ಲ.

ನನಗೆ ಇದು ಯಾಕೆ ಬೇಕಿತ್ತು ಅಂದರೆ, ನಮ್ಮ ಚಿಕ್ಕಪ್ಪ 80ರ ದಶಕದ ಶುರುವಿನಲ್ಲಿ ಇರಾಕಿನಲ್ಲಿ ಕೆಲಸಕ್ಕಿದ್ದರು. ಆಗ ನಮ್ಮ ಕಡೆಯಿಂದ ರೋಡು, ಕಟ್ಟಡ ಅಂತ ಕಂಪನಿಗಳ ಜೊತೆ ಹೋದವರು ಸುಮಾರು ಜನ ಇದ್ದರು. ಅವರು ತಂದದ್ದು ಒಂದು ಟೇಪ್‌ರೆಕಾರ್ಡರ್, ಒಂದು ಕಂಬಳಿ, ಆಮೇಲೆ ಒಂದು ಅರ್ಧಂಬರ್ಧ ಕತೆ. ಸೈಟಿನಲ್ಲಿ ಒಬ್ಬ ಇರಾಕಿ ಮೇಸ್ತ್ರಿ ಇದ್ದನಂತೆ, ಒಳ್ಳೆ ಮನುಷ್ಯ, ಇಂಡಿಯಾದವರು ಅಂದರೆ ಪ್ರೀತಿ. ಒಂದು ಸಲ ಚಹಾ ಕುಡಿಯುವಾಗ ಚಿಕ್ಕಪ್ಪ ಸುಮ್ನೆ ಮಾತಿಗೆ ನಿಮ್ಮಲ್ಲಿ ಕಮ್ಯುನಿಸ್ಟರು ಇಲ್ವಾ, ನಮ್ಮ ಪಕ್ಕದ ಕೇರಳದಲ್ಲಿ ಅವರದ್ದೇ ಸರ್ಕಾರ ಅಂದರಂತೆ. ಆತ ಲೋಟ ಕೆಳಗಿಟ್ಟು ಎದ್ದು ಹೋದ. ಮಾರನೇ ದಿನದಿಂದ ಚಿಕ್ಕಪ್ಪನ ಜೊತೆ ಮಾತೇ ಇಲ್ಲ. "ಯಾಕೋ ಗೊತ್ತಾಗ್ಲಿಲ್ಲ ಕಣೋ" ಅಂತ ಇವತ್ತಿಗೂ ಹೇಳುತ್ತಾರೆ.

ಹಾಗಾಗಿ ತರಿಸಿದೆ. ಪಾರ್ಸೆಲ್ ಬಂದಾಗ ಒಂದು ಮೂಲೆ ಒಳಕ್ಕೆ ಮಡಚಿಕೊಂಡಿತ್ತು, ಸುತ್ತಿದ್ದು ಒಂದೇ ಪದರ ಪ್ಲಾಸ್ಟಿಕ್. ಆನ್‌ಲೈನಿನಲ್ಲಿ ಮಾರಿದವರಿಗೆ ಫೋಟೋ ಕಳಿಸಿದರೆ, ಓದೋಕೆ ತೊಂದರೆ ಇಲ್ಲ ಅಲ್ವಾ ಸಾರ್ ಅಂತ ಉತ್ತರ. ತೊಂದರೆ ಇಲ್ಲ, ನಿಜ. ಆದರೆ 400ನೇ ಪುಟ ದಾಟುವ ಹೊತ್ತಿಗೆ ನನ್ನ ಪ್ರತಿಯ ಬೆನ್ನು ಬಿರುಕು ಬಿಟ್ಟಿತು. ಇಷ್ಟು ದಪ್ಪ ಪುಸ್ತಕವನ್ನು ಪೇಪರ್‌ಬ್ಯಾಕಿನಲ್ಲಿ ತೆಗೆದುಕೊಂಡರೆ ಇದು ಆಗುವುದೇ. ಸಿಕ್ಕರೆ ಗಟ್ಟಿ ರಟ್ಟಿನದ್ದು ನೋಡಿ, ಹಳೆಯದಾದರೂ ಪರವಾಗಿಲ್ಲ. ಅಡಿಟಿಪ್ಪಣಿಯ ಅಕ್ಷರ ತುಂಬಾ ಸಣ್ಣದು, ಮತ್ತೆ ಈ ಪುಸ್ತಕದಲ್ಲಿ ಅರ್ಧ ಮಜಾ ಇರುವುದು ಅಲ್ಲೇ. ಕನ್ನಡಕದ ನಂಬರ್ ಸರಿ ಮಾಡಿಸಿಕೊಂಡು ಕೂರಿ.

ಈಗ ಒಳಗಿನ ವಿಷಯ. ಪುಸ್ತಕ ಮೂರು ಭಾಗ. ಮೊದಲ ಭಾಗ ಮುನ್ನೂರಕ್ಕೂ ಜಾಸ್ತಿ ಪುಟ ಬರೀ ಬುಡಕಟ್ಟಿನ ಮುಖ್ಯಸ್ಥರಾದ ಶೇಖ್‌ಗಳು, ಪ್ರವಾದಿಯ ವಂಶದವರು ಅನ್ನಿಸಿಕೊಂಡ ಸಯ್ಯದರು, ದೊಡ್ಡ ಜಮೀನ್ದಾರರು, ವ್ಯಾಪಾರಿಗಳು. ಇಲ್ಲಿಂದ ಶುರು ಮಾಡಿದರೆ ನೀವು ಪುಸ್ತಕ ಮುಗಿಸುವುದಿಲ್ಲ, ನಾನು ಬರೆದುಕೊಡುತ್ತೇನೆ. ನಾನು ಮಾಡಿದ್ದು ಇಷ್ಟೇ, ನೇರ ಎರಡನೇ ಭಾಗಕ್ಕೆ ಹಾರಿದೆ. ಅದು ಕಮ್ಯುನಿಸ್ಟರದ್ದು. ಅದು ಮುಗಿದ ಮೇಲೆ ಹಿಂದಕ್ಕೆ ಬಂದು ಮೊದಲನೇ ಭಾಗ ಓದಿದೆ, ಆಗ ಆ ಒಣ ಲೆಕ್ಕಗಳೆಲ್ಲ ಅರ್ಥ ಕೊಡೋಕೆ ಶುರುವಾದವು. ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನ ಜಮೀನು ಶೇಖ್ ಒಬ್ಬನ ಹೆಸರಿಗೆ ದಾಖಲಾಯಿತು. ಅಲ್ಲಿಯವರೆಗೆ ಅವನ ಜೊತೆ ಸಮಾನವಾಗಿ ಕುಳಿತು ಕಾಫಿ ಕುಡಿಯುತ್ತಿದ್ದ ಜನ ಅವನ ಗೇಣಿದಾರರಾದರು. 1958ರ ಹೊತ್ತಿಗೆ ಜಮೀನ್ದಾರರಲ್ಲಿ ನೂರಕ್ಕೆ ಒಬ್ಬನಷ್ಟು ಜನರ ಕೈಯಲ್ಲಿ ಖಾಸಗಿ ಜಮೀನಿನ ಅರ್ಧಕ್ಕೂ ಜಾಸ್ತಿ ಇತ್ತು. ಮಿಕ್ಕವರಲ್ಲಿ ಎಷ್ಟೋ ಜನ ಬಗ್ದಾದಿಗೆ ಬಂದು ಜೊಂಡಿನ ಗುಡಿಸಲು ಹಾಕಿದರು. ಸರೀಫಾ ಅಂತಾರೆ ಆ ಗುಡಿಸಲಿಗೆ. ಪಾರ್ಟಿಗೆ ಮುಂದೆ ಜನ ಬಂದದ್ದು ಇಂಥ ಕಡೆಯಿಂದಲೂ ಹೌದು.

ಎರಡನೇ ಭಾಗದಲ್ಲಿ ನಮಗೆ ಸಿಗುವ ಮೊದಲಿನವರನ್ನು ನೋಡಿದರೆ ನಗು ಬರುತ್ತದೆ, ಪ್ರೀತಿಯ ನಗು. ಪ್ಯೋತ್ರ್ ವಸೀಲಿ ಅಂತ ಒಬ್ಬ ಟೈಲರ್, ದಕ್ಷಿಣ ಇರಾಕಿನ ನಾಸಿರಿಯಾದಲ್ಲಿ ಬಟ್ಟೆ ಹೊಲಿಯುತ್ತಾ ಹುಡುಗರಿಗೆ ಮಾರ್ಕ್ಸ್ ಬಗ್ಗೆ ಹೇಳುತ್ತಿದ್ದ. ಅದೇ ಊರಿನಲ್ಲಿ ಐಸ್ ಫ್ಯಾಕ್ಟರಿ ನೋಡಿಕೊಂಡಿದ್ದ ಒಬ್ಬ ಕ್ರಿಶ್ಚಿಯನ್, ಯೂಸುಫ್ ಸಲ್ಮಾನ್ ಯೂಸುಫ್. ಮುಂದೆ ಇಡೀ ಇರಾಕ್ ಅವನನ್ನು 'ಫಹದ್' ಅನ್ನುವ ಗುಟ್ಟಿನ ಹೆಸರಿನಿಂದ ಕರೆಯಿತು. ಚಿರತೆ ಅಂತ ಅರ್ಥ. 45 ಡಿಗ್ರಿ ದಾಟುವ ಊರಿನಲ್ಲಿ ಐಸ್ ಮಾಡುವವನು ಕ್ರಾಂತಿ ಮಾಡೋಕೆ ಹೊರಟ ಅಂದರೆ, ಕತೆ ಕಟ್ಟಿ ಹೇಳಿದರೂ ಯಾರೂ ನಂಬಲ್ಲ. 1932ರ ಡಿಸೆಂಬರಿನ ಒಂದು ಬೆಳಿಗ್ಗೆ ನಾಸಿರಿಯಾದ ಗೋಡೆಗಳ ಮೇಲೆ ಕೈಬರಹದ ಪೋಸ್ಟರ್ ಕಾಣಿಸಿಕೊಂಡವು, ಕೆಳಗೆ ಸಹಿ 'ಒಬ್ಬ ಕಮ್ಯುನಿಸ್ಟ್ ಕಾರ್ಮಿಕ'. ಊರಿಗೆ ಅಂಥ ಪದ ಓದಿ ಅಭ್ಯಾಸವೇ ಇರಲಿಲ್ಲ.

ಪಾರ್ಟಿಯವರು ಹುಟ್ಟುಹಬ್ಬ ಅಂತ ಆಚರಿಸುವುದು 1934ರ ಮಾರ್ಚ್ 31. ಆಗ ಅದರ ಹೆಸರು ಕಮ್ಯುನಿಸ್ಟ್ ಪಾರ್ಟಿ ಅಂತಲೂ ಇರಲಿಲ್ಲ, ಸಾಮ್ರಾಜ್ಯಶಾಹಿ ವಿರೋಧಿ ಸಂಘ ಅನ್ನುವ ಥರ ಒಂದು ಹೆಸರು. ಮರುವರ್ಷ ಹೆಸರು ಬದಲಾಯಿತು, ಜೊತೆಗೇ ಪೊಲೀಸರ ಕೈಗೂ ಸಿಕ್ಕಿತು. ಫಹದ್ ಮಾಸ್ಕೋಗೆ ಹೋಗಿ ಓದಿ ವಾಪಸ್ ಬಂದು, 1941ರಲ್ಲಿ ಪಾರ್ಟಿ ಕೈಗೆ ತೆಗೆದುಕೊಂಡ ಮೇಲೆ ಅದು ನಿಜವಾದ ಪಾರ್ಟಿಯಾಯಿತು. ಘೋಷಣೆ ಚಿಕ್ಕದು: 'ವತನ್ ಹುರ್ ವ ಶಅಬ್ ಸಈದ್'. ಸ್ವತಂತ್ರ ನಾಡು, ಸುಖದ ಜನ. ಅಷ್ಟೇ. 1943ರಿಂದ ಗುಟ್ಟಾಗಿ ಅಚ್ಚಾಗುತ್ತಿದ್ದ ಅವರ ಪತ್ರಿಕೆಯ ಹೆಸರು ಕೇಳಿದರೆ ಬೆಚ್ಚಿಬೀಳುತ್ತೀರಿ: 'ಅಲ್ ಕಾಯಿದಾ'. ಅಡಿಪಾಯ ಅಂತ ಅರ್ಥ, ಇನ್ನೇನಿಲ್ಲ. ಬಸ್ಸಿನಲ್ಲಿ ಈ ಪುಟ ತೆರೆದು ಓದುವಾಗ ಪಕ್ಕದವರು ಇಣುಕಿ ನೋಡಿದರು, ನಾನು ಮೆಲ್ಲಗೆ ಪುಟ ತಿರುಗಿಸಿದೆ.

ಬಟಾಟುವಿಗೆ ಇಷ್ಟೆಲ್ಲ ಎಲ್ಲಿಂದ ಸಿಕ್ಕಿತು ಅನ್ನುವುದೇ ಈ ಪುಸ್ತಕದ ನಿಜವಾದ ವಿಶೇಷ, ನನಗೆ ನಿದ್ದೆಗೆಡಿಸಿದ್ದೂ ಅದೇ. ಅವರಿಗೆ ಇರಾಕಿನ ಪೊಲೀಸ್ ಇಲಾಖೆಯ ಗುಪ್ತ ಫೈಲುಗಳನ್ನು ನೋಡಲು ಬಿಟ್ಟಿದ್ದರು. ರೇಡ್ ಮಾಡಿದಾಗ ಸಿಕ್ಕ ಪತ್ರ, ತಪ್ಪೊಪ್ಪಿಗೆ ಹೇಳಿಕೆ, ಸದಸ್ಯರ ಪಟ್ಟಿ, ಮಾಹಿತಿದಾರರ ವರದಿ. ಜೊತೆಗೆ ಅವರೇ ಕಮ್ಯುನಿಸ್ಟರನ್ನು, ಜೈಲಿನಲ್ಲಿದ್ದವರನ್ನೂ, ಮಾತಾಡಿಸಿದರು. ಇದರಿಂದಲೇ ಕೋಷ್ಟಕಗಳು ಹುಟ್ಟಿದವು. ಕೇಂದ್ರ ಸಮಿತಿಯ ಒಬ್ಬೊಬ್ಬನ ಹೆಸರು, ಹುಟ್ಟಿದ ವರ್ಷ, ಊರು, ಧರ್ಮ ಅಥವಾ ಪಂಗಡ, ಓದು, ಕಸುಬು, ಅಪ್ಪನ ಕಸುಬು. ಶಿಯಾ, ಸುನ್ನಿ, ಕುರ್ದ್, ಯಹೂದಿ, ಕ್ರಿಶ್ಚಿಯನ್, ಎಲ್ಲರೂ ಒಂದೇ ಪಟ್ಟಿಯಲ್ಲಿ. ಮೇಷ್ಟ್ರುಗಳು ಎಷ್ಟು ಜನ ಅಂತೀರಿ! ಬೇರೆ ಯಾವ ಪಾರ್ಟಿಯ ಪಟ್ಟಿಯಲ್ಲೂ ಆಗ ಹೀಗೆ ಎಲ್ಲರೂ ಬೆರೆತಿರಲಿಲ್ಲ ಅನಿಸುತ್ತದೆ. ಆದರೆ ಒಂದು ನೆನಪಿಡಿ, ಈ ಸಾಲುಗಳನ್ನು ಮೊದಲು ಬರೆದಿದ್ದು ಅವರನ್ನು ಹಿಡಿಯೋಕೆ ಹೊರಟವರು. ಕೆಲವು ಸಾಲು ಯಾರದ್ದೋ ಉಗುರು ಕಿತ್ತ ಮೇಲೆ ಬಂದಿರಬಹುದು. ಬಟಾಟು ಅದನ್ನು ಅಳೆದು ತೂಗಿ ಬಳಸುತ್ತಾರೆ, ಸುಳ್ಳು ಅನಿಸಿದ್ದನ್ನು ಬಿಡುತ್ತಾರೆ. ಆದರೂ ಓದುವಾಗ ಒಂದು ಥರ ಕಸಿವಿಸಿ. ಪಾರ್ಟಿಯವರು ಸಿಕ್ಕಿಬೀಳುವ ಭಯಕ್ಕೆ ಕಾಗದ ಸುಟ್ಟರು, ಪೊಲೀಸರು ಜೋಡಿಸಿ ಇಟ್ಟರು, ಅದರಿಂದ ನಮಗೆ ಇವತ್ತು ಆ ಟೈಲರ್ ಗೊತ್ತು.

1948ರ ಅಧ್ಯಾಯ ಒಂದನ್ನೇ ಓದೋಕಾದರೂ ದುಡ್ಡು ಕೊಡಬಹುದು. ಜನವರಿಯಲ್ಲಿ ಸರ್ಕಾರ ಪೋರ್ಟ್ಸ್‌ಮತ್‌ನಲ್ಲಿ ಬ್ರಿಟನ್ ಜೊತೆ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. ಬಗ್ದಾದ್ ಎದ್ದು ನಿಂತಿತು. ವಿದ್ಯಾರ್ಥಿಗಳು, ರೈಲ್ವೆ ಕೆಲಸಗಾರರು, ಗುಡಿಸಲಿನ ಜನ. 'ವಸ್ಬಾ' ಅಂತಾರೆ ಅದಕ್ಕೆ, ನೆಗೆತ ಅಂತ. ಜನವರಿ 27ರಂದು ಸೇತುವೆ ದಾಟಲು ಬಂದವರ ಮೇಲೆ ಪೊಲೀಸರು ಮಶೀನ್‌ಗನ್ ಹಾರಿಸಿದರು. ಆ ಸೇತುವೆಗೆ ಈಗ ಹುತಾತ್ಮರ ಸೇತುವೆ ಅಂತಲೇ ಹೆಸರು. ಆ ದಿನಗಳ ಗುಂಡಿಗೆ ದೊಡ್ಡ ಕವಿ ಅಲ್ ಜವಾಹಿರಿಯ ತಮ್ಮ ಜಾಫರ್ ಕೂಡ ಬಲಿಯಾದ. ಪ್ರಧಾನಿ ದೇಶ ಬಿಟ್ಟು ಓಡಿದ, ಒಪ್ಪಂದ ಬಿದ್ದುಹೋಯಿತು.

ಅದೇ ವರ್ಷ ಹದೀಸಾ ಹತ್ತಿರ ಎಣ್ಣೆ ಪೈಪ್‌ಲೈನಿನ ಕೆ-3 ಪಂಪಿಂಗ್ ಸ್ಟೇಷನ್ನಿನಲ್ಲಿ ಮುಷ್ಕರ. ಕಂಪನಿ ಊಟ, ನೀರು ನಿಲ್ಲಿಸಿತು. ಮರುಭೂಮಿಯ ಮಧ್ಯೆ ನೀರು ನಿಲ್ಲಿಸುವುದು ಅಂದರೆ ಏನು ಯೋಚನೆ ಮಾಡಿ. ಕೆಲಸಗಾರರು ಏನು ಮಾಡಿದರು? ಬಗ್ದಾದಿಗೆ ನಡೆದೇ ಹೋಗೋಣ ಅಂತ ಹೊರಟರು. 250 ಕಿಲೋಮೀಟರ್. ದಾರಿಯ ಊರುಗಳ ಜನ ಊಟ ಕೊಟ್ಟರು. ಫಲ್ಲೂಜಾದಲ್ಲಿ ಪೊಲೀಸರು ತಡೆದರು. ಫಲ್ಲೂಜಾ ಅಂದರೆ ನಮಗೆ 2004ರ ಯುದ್ಧ ಮಾತ್ರ ಗೊತ್ತಿತ್ತು, ಅಲ್ವಾ? ಅಲ್ಲಿಯವರೆಗೆ ಕಾಲ್ನಡಿಗೆಯಲ್ಲಿ ಬಂದು ನಿಂತವರನ್ನು ಈ ಪುಸ್ತಕ ಓದುವವರೆಗೂ ನಾನು ಕೇಳಿರಲಿಲ್ಲ.

ಫಹದ್ ಇದೆಲ್ಲ ನಡೆಯುವಾಗ ಕೂತ್ ಅನ್ನುವ ಊರಿನ ಜೈಲಿನಲ್ಲಿದ್ದ. 1947ರಲ್ಲೇ ಸಿಕ್ಕಿಬಿದ್ದಿದ್ದ, ಗಲ್ಲು ಶಿಕ್ಷೆ ಜೀವಾವಧಿಗೆ ಇಳಿದಿತ್ತು. ಜೈಲಿನಿಂದಲೇ ಚೀಟಿ ಕಳಿಸಿ ಪಾರ್ಟಿ ನಡೆಸುತ್ತಿದ್ದ. ಆಮೇಲೆ ಹೊರಗಿದ್ದ ನಾಯಕರು ಸಿಕ್ಕಿಬಿದ್ದು ಬಾಯಿಬಿಟ್ಟರು. ಮತ್ತೆ ವಿಚಾರಣೆ. 1949ರ ಫೆಬ್ರವರಿ ಮಧ್ಯದಲ್ಲಿ ಅವನನ್ನೂ ಸಂಗಾತಿಗಳನ್ನೂ ಬಗ್ದಾದಿನ ಬೇರೆ ಬೇರೆ ಚೌಕಗಳಲ್ಲಿ ನೇಣಿಗೆ ಹಾಕಿದರು, ಕೆಲಸಕ್ಕೆ ಹೋಗುವವರೆಲ್ಲ ಬೆಳಿಗ್ಗೆ ನೋಡಲಿ ಅಂತ. ಪಾರ್ಟಿ ಮುಗಿಯಿತು ಅಂದುಕೊಂಡರು. ಇಪ್ಪತ್ತು ದಾಟಿದ ಬಹಾ ಅಲ್ ದೀನ್ ನೂರಿ ಅನ್ನುವ ಕುರ್ದ್ ಹುಡುಗ ಬಂದು ಉಳಿದ ಚೂರುಗಳನ್ನು ಒಟ್ಟುಮಾಡಿದ.

ಪುಸ್ತಕ ಪಾರ್ಟಿಯ ತಪ್ಪುಗಳನ್ನು ಮುಚ್ಚಿಡುವುದಿಲ್ಲ, ಅದು ನನಗೆ ಇಷ್ಟವಾಯಿತು. 1947ರಲ್ಲಿ ಪ್ಯಾಲೆಸ್ಟೀನ್ ಭಾಗ ಮಾಡುವುದಕ್ಕೆ ಸೋವಿಯತ್ ಹೂಂ ಅಂದಿತು. ಅಲ್ಲಿಯವರೆಗೆ ವಿಭಜನೆಗೆ ವಿರೋಧ ಇದ್ದ, ಯಹೂದಿ ಸದಸ್ಯರೇ ಮುಂದೆ ನಿಂತು ಝಿಯೋನಿಸ್ಟ್ ವಿರೋಧಿ ಸಂಘ ಕಟ್ಟಿದ್ದ ಪಾರ್ಟಿ ಮಾಸ್ಕೋ ಹಿಂದೆ ಹೋಯಿತು. ಬೀದಿಯಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಅದರ ಪೆಟ್ಟು ವರ್ಷಗಟ್ಟಲೆ ತಿಂದರು.

ಮೂರನೇ ಭಾಗ 1958ರ ಕ್ರಾಂತಿಯದ್ದು. ಜುಲೈ 14, ರಾಜ ಹೋದ, ಜನರಲ್ ಅಬ್ದುಲ್ ಕರೀಂ ಕಾಸಿಂ ಬಂದ. ಕಮ್ಯುನಿಸ್ಟರು ಒಂದೇ ವರ್ಷದಲ್ಲಿ ನೆಲಮಾಳಿಗೆಯಿಂದ ಬೀದಿ ತುಂಬ ಆದರು. ಭೂಸುಧಾರಣೆ ಕಾನೂನು ಬಂತು. ನಜೀಹಾ ಅಲ್ ದುಲೈಮಿ ಅನ್ನುವ ಡಾಕ್ಟರ್, ಪಾರ್ಟಿಯವಳು, 1959ರಲ್ಲಿ ಮಂತ್ರಿಯಾದಳು, ಅರಬ್ ಜಗತ್ತಿನಲ್ಲೇ ಮೊದಲ ಮಹಿಳಾ ಮಂತ್ರಿ. ಇವಳ ಬಗ್ಗೆ ಒಂದು ಅಧ್ಯಾಯವೇ ಬೇಕಿತ್ತು ಅನ್ನುವುದು ನನ್ನ ತಕರಾರು. ಹೆಂಗಸರ ಕತೆ ಇಲ್ಲಿ ನನಗೆ ಸಾಲಲಿಲ್ಲ.

1959ರ ಮೇ 1. ಬಗ್ದಾದಿನಲ್ಲಿ ಲಕ್ಷಗಟ್ಟಲೆ ಜನರ ಮೆರವಣಿಗೆ. ಎಲ್ಲರ ಬಾಯಲ್ಲಿ ಒಂದು ಪ್ರಾಸದ ಘೋಷಣೆ, ನಾಯಕ ಅಬ್ದುಲ್ ಕರೀಂ ಬಾಳಲಿ, ಸರ್ಕಾರದಲ್ಲಿ ಕಮ್ಯುನಿಸ್ಟ್ ಪಾರ್ಟಿ ಇರಲಿ, ಇದೇ ದೊಡ್ಡ ಬೇಡಿಕೆ ಅಂತ. ಅರಬಿಯಲ್ಲಿ 'ಕರೀಮಿ', 'ಅಜೀಮಿ' ಅಂತ ಪ್ರಾಸ ಕೂಡುತ್ತದೆ, ಜೋರಾಗಿ ಹೇಳಿ ನೋಡಿ, ಕಾಲು ತಾನಾಗೇ ತಾಳ ಹಾಕುತ್ತದೆ. ಕಾಸಿಂ ಹೆದರಿದ್ದು ಅಲ್ಲೇ. ಇಷ್ಟು ಜನ ಬೀದಿಯಲ್ಲಿದ್ದರೂ ಪಾರ್ಟಿ ಅಧಿಕಾರಕ್ಕೆ ಕೈ ಹಾಕಲಿಲ್ಲ. ಜುಲೈನಲ್ಲಿ ಕಿರ್ಕೂಕಿನಲ್ಲಿ ತುರ್ಕ್‌ಮನ್ನರ ಹತ್ಯೆಯಾಯಿತು, ಅದರಲ್ಲಿ ಕಮ್ಯುನಿಸ್ಟರ ಹೆಸರು ಬಂತು, ಕಾಸಿಂಗೆ ನೆಪ ಸಿಕ್ಕಿತು. 1960ರಲ್ಲಿ ಪಾರ್ಟಿಗಳಿಗೆ ಲೈಸೆನ್ಸ್ ಕೊಡುವಾಗ ನಿಜವಾದ ಪಾರ್ಟಿಗೆ ಇಲ್ಲ ಅಂದು, ಅದೇ ಹೆಸರಿನ ಒಂದು ಬೊಂಬೆ ಪಾರ್ಟಿಗೆ ಕೊಟ್ಟ. ಇಂಥ ಐಡಿಯಾ ನಮ್ಮ ರಾಜಕಾರಣಿಗಳಿಗೂ ಗೊತ್ತು ಬಿಡಿ.

1963ರ ಫೆಬ್ರವರಿ 8ರ ಪುಟಗಳನ್ನು ಒಂದೇ ಸಲಕ್ಕೆ ಓದಬೇಡಿ. ಬಾತ್ ಪಾರ್ಟಿಯ ದಂಗೆ, ಅರಬ್ ರಾಷ್ಟ್ರವಾದಿಗಳ ಪಾರ್ಟಿ ಅದು, ಮುಂದೆ ಸದ್ದಾಂ ಹುಸೇನ್ ಬಂದದ್ದೂ ಅದರಿಂದಲೇ. ಕಾಸಿಂ ಹತ್ತಿರ ಬಂದೂಕು ಕೊಡಿ ಅಂತ ಬೀದಿಗಿಳಿದವರು ಅವರೇ, ಕಮ್ಯುನಿಸ್ಟರು. ಆತ ಕೊಡಲಿಲ್ಲ. ಮಾರನೇ ದಿನ ಅವನನ್ನೂ ಕೊಂದರು. ರೇಡಿಯೋದಲ್ಲಿ 13ನೇ ಪ್ರಕಟಣೆ ಬಂತು, ಕಮ್ಯುನಿಸ್ಟರನ್ನು ಇಲ್ಲದಂತೆ ಮಾಡಿ ಅಂತ. ಪಟ್ಟಿ ಹಿಡಿದು ಮನೆ ಮನೆಗೆ ಹೋದರು. ಪಾರ್ಟಿಯ ಕಾರ್ಯದರ್ಶಿ ಸಲಾಂ ಆದಿಲ್, ನಜಫ್‌ನ ಮೇಷ್ಟ್ರು, ಚಿತ್ರಹಿಂಸೆಯಲ್ಲಿ ಸತ್ತ. ಪೊಲೀಸ್ ಫೈಲಿನಿಂದ ಪಟ್ಟಿ, ಪಟ್ಟಿಯಿಂದ ಬಾಗಿಲು ತಟ್ಟುವುದು: ಇಷ್ಟು ಹೊತ್ತು ನಾನು ಕುತೂಹಲದಿಂದ ಬೆರಳಿಟ್ಟು ಓದಿದ ಕೋಷ್ಟಕಗಳನ್ನು ಮತ್ತೆ ತಿರುವಿ ನೋಡೋಕೆ ಮನಸ್ಸೇ ಬರಲಿಲ್ಲ. ಎರಡು ದಿನ ಪುಸ್ತಕ ಮುಟ್ಟಲಿಲ್ಲ.

ಆ ಜುಲೈನಲ್ಲಿ ಹಸನ್ ಸರೀ ಅನ್ನುವ ಸಾಮಾನ್ಯ ಸೈನಿಕನೊಬ್ಬ ರಶೀದ್ ಕ್ಯಾಂಪಿನಲ್ಲಿ ಬಂಡಾಯ ಎದ್ದ, ಸೋತ. ಬೆನ್ನಲ್ಲೇ ನೂರಾರು ಕೈದಿಗಳನ್ನು ಗೂಡ್ಸ್ ಬೋಗಿಗಳಲ್ಲಿ ಮುಚ್ಚಿ ದಕ್ಷಿಣಕ್ಕೆ ಕಳಿಸಿದರು. ಜುಲೈ ಬಿಸಿಲು, ಕಬ್ಬಿಣದ ಬೋಗಿ, ಗಾಳಿ ಇಲ್ಲ. ಇದರ ಬಗ್ಗೆ ನಾನು ಬೇರೆ ಕಡೆಯೂ ಹುಡುಕಿ ಓದಿದೆ. ಡ್ರೈವರ್‌ಗೆ ಸಾಮಾನು ಅಂತ ಹೇಳಿದ್ದರು. ಒಳಗಿರುವುದು ಜನ ಅಂತ ದಾರಿಯಲ್ಲಿ ಗೊತ್ತಾದ ಮೇಲೆ, ಅವರು ಉಳಿಯಲಿ ಅಂತ ಆತ ರೈಲನ್ನು ಆದಷ್ಟು ಜೋರಾಗಿ ಓಡಿಸಿಕೊಂಡು ಹೋದ. ಸಮಾವಾ ಸ್ಟೇಷನ್ನಿನಲ್ಲಿ ಊರಿನವರು ಬಾಗಿಲು ತೆಗೆಸಿ ನೀರು ಕೊಟ್ಟರು. ಸಾವಿನ ರೈಲು ಅಂತಲೇ ಇರಾಕಿನಲ್ಲಿ ಅದರ ಹೆಸರು.

ಅಲ್ಲಿಂದ ಮುಂದೆ ಪುಸ್ತಕ ಓಟ ಕೀಳುತ್ತದೆ. 1967ರಲ್ಲಿ ಪಾರ್ಟಿ ಒಡೆಯಿತು. 1968ರಲ್ಲಿ ಬಾತ್ ಮತ್ತೆ ಬಂತು. 1973ರಲ್ಲಿ ಕಮ್ಯುನಿಸ್ಟರು, ತಮ್ಮನ್ನು ಹತ್ತು ವರ್ಷದ ಹಿಂದೆ ಕೊಂದವರ ಜೊತೆಗೇ, ರಾಷ್ಟ್ರೀಯ ರಂಗ ಅಂತ ಒಪ್ಪಂದ ಮಾಡಿಕೊಂಡರು. ಪತ್ರಿಕೆ 'ತರೀಕ್ ಅಲ್ ಶಅಬ್' ಬಹಿರಂಗವಾಗಿ ಅಂಗಡಿಗೆ ಬಂತು, ಇಬ್ಬರು ಮಂತ್ರಿಗಳೂ ಇದ್ದರು. ಸೋವಿಯತ್ ಸ್ನೇಹಿತರು ಹೇಳಿದ್ದಕ್ಕೋ, ಬೇರೆ ದಾರಿ ಇಲ್ಲದ್ದಕ್ಕೋ. ಪುಸ್ತಕ ಅಲ್ಲಿಗೇ ಸುಮಾರಾಗಿ ನಿಲ್ಲುತ್ತದೆ, ಅದು ಅಚ್ಚಾದ ವರ್ಷವೇ, 1978ರಲ್ಲಿ, ಸೈನ್ಯದಲ್ಲಿ ಗುಂಪು ಕಟ್ಟಿದರು ಅನ್ನುವ ಆರೋಪದ ಮೇಲೆ ಕಮ್ಯುನಿಸ್ಟರನ್ನು ಗಲ್ಲಿಗೆ ಹಾಕಿದರು. 1979ರ ಹೊತ್ತಿಗೆ ಉಳಿದವರು ಗುಡ್ಡಗಾಡಿಗೆ ಇಲ್ಲವೇ ಪರದೇಶಕ್ಕೆ. ಹಾಗಾಗಿ ಮುಂದಿನದ್ದಕ್ಕೆ ಬೇರೆ ಪುಸ್ತಕ ಹುಡುಕಬೇಕು. ಕಾಸಿಂ ಗುಡಿಸಲಿನ ಜನಕ್ಕೆ ಕಟ್ಟಿಸಿದ, ಒಂದು ಕಾಲಕ್ಕೆ ಕಮ್ಯುನಿಸ್ಟರ ಕೋಟೆಯಾಗಿದ್ದ ಅಲ್ ಸೌರಾ ಬಡಾವಣೆಯೇ ಈಗಿನ ಸದ್ರ್ ಸಿಟಿ. 2018ರ ಚುನಾವಣೆಯಲ್ಲಿ ಪಾರ್ಟಿ ಧರ್ಮಗುರು ಮುಕ್ತದಾ ಸದ್ರ್ ಜೊತೆಗೇ ಸೇರಿ ನಿಂತಿತು, ಕೂಟಕ್ಕೆ 54 ಸೀಟು ಬಂದವು, ನಜಫ್‌ನಿಂದ ಒಬ್ಬ ಕಮ್ಯುನಿಸ್ಟ್ ಮಹಿಳೆ ಗೆದ್ದರು. ಮೊದಲ ಭಾಗದ ಸರೀಫಾ ಪುಟಗಳನ್ನು ಓದಿದವರಿಗೆ ಇದು ಅಷ್ಟೇನೂ ವಿಚಿತ್ರ ಅನಿಸಲ್ಲ. ಜನ ಅದೇ ಜನ, ಮೊಮ್ಮಕ್ಕಳು.

ಭಾಷೆ? ಇಂಗ್ಲಿಷ್ ಸ್ವಲ್ಪ ಹಳೇ ಕಾಲದ್ದು, ಗಂಭೀರ, ಆದರೆ ಪದ ತೋರಿಸಿಕೊಳ್ಳುವ ಚಟ ಇಲ್ಲ. ಹೆಸರುಗಳ ಕಾಟ ಜಾಸ್ತಿ. ಒಂದೇ ಮನುಷ್ಯನಿಗೆ ನಿಜ ಹೆಸರು, ಪಾರ್ಟಿ ಹೆಸರು, ಅಪ್ಪನ ಹೆಸರು. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಂಡೆ, ನೀವೂ ಹಾಗೇ ಮಾಡಿ. ಬೆಲೆ ಕಡಿಮೆಯಲ್ಲ, ಇಬ್ಬರು ಮೂವರು ಸ್ನೇಹಿತರು ಸೇರಿ ತರಿಸಿಕೊಳ್ಳಬಹುದು. ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಹೆಂಗಸರ ಕತೆ ಕಮ್ಮಿ ಅನ್ನುವುದಕ್ಕೆ. ಬೆನ್ನು ಬಿರಿದದ್ದಕ್ಕೆ ಬಟಾಟು ಏನು ಮಾಡುತ್ತಾರೆ ಪಾಪ.

ಕಳೆದ ಭಾನುವಾರ ಚಿಕ್ಕಪ್ಪ ಮನೆಗೆ ಬಂದಿದ್ದರು. ಆ ಮೇಸ್ತ್ರಿ ಯಾಕೆ ಎದ್ದು ಹೋದ ಅಂತ ಈಗ ಗೊತ್ತಾಯಿತು ಚಿಕ್ಕಪ್ಪ ಅಂದು 1963, 1978 ಎರಡನ್ನೂ ಹೇಳಿದೆ. ರೈಲಿನ ಕತೆಯನ್ನೂ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಯಾವ ಸ್ಟೇಷನ್ ಅಂದೆ?"

"ಸಮಾವಾ."

"ಅವನ ಊರು ಅದೇ ಕಣೋ. ಸಿಮೆಂಟ್ ಲಾರಿ ಜೊತೆ ಅವನೇ ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದ. ಸ್ಟೇಷನ್ ಹತ್ರ ಗಾಡಿ ನಿಲ್ಸಿ ನೀರು ಕುಡಿಸ್ತಿದ್ದ."

ಪುಸ್ತಕ ಈಗ ಅವರ ಮನೆಯಲ್ಲಿದೆ. ಇಂಗ್ಲಿಷ್ ಓದೋಕೆ ಅವರಿಗೆ ಕಷ್ಟ, ಗೊತ್ತು. ಆದರೂ ತಗೊಂಡು ಹೋದರು.